ಬಲಮೂಲೆಯ ಚುಕ್ಕಿ

ಬಹುಮಾನ ಬಂದ ಹಳೇ ಸಿನಿಮಾ ಇದ್ದರೆ ಹೇಳಿ, ಅಂದೆ.
ಕೂತುಕೋ. ಹ್ಯಾನ್‌ಕಾಕಿನ ಹಿಮ ಹೇಗೂ ನಿನ್ನ ಕಾರನ್ನು ನುಂಗಿದೆ,
ಹಿಮ ಗೋರುವ ಲಾರಿ ಬರುವುದು ನಾಲ್ಕಕ್ಕೆ.
ನೀನು ಟ್ರೆಂಬಾತರ ಮೊಮ್ಮಗಳಲ್ಲವೇ?
ನಿನ್ನ ತಾತ ತಾಮ್ರದ ಗಣಿಯಿಂದ ನೆಟ್ಟಗೆ ಬಂದು
ಮೂರನೇ ಸಾಲಲ್ಲಿ ಕೂತರೆ
ಹೆಸರುಗಳು ಮುಗಿಯುವುದರೊಳಗೆ ಗೊರಕೆ.
ಹತ್ತು ವರ್ಷ, ಚಿನ್ನದ ಗೊಂಬೆ ಗೆದ್ದ ಅಷ್ಟೂ ಚಿತ್ರಗಳಿಗೆ
ದುಡ್ಡು ಕೊಟ್ಟು ನಿದ್ದೆ ಮಾಡಿದ ಪುಣ್ಯಾತ್ಮ.

ನಾನೇನು ಮಹಾ ನೋಡಿದೆ ಅಂತೀಯ?
ಅರೋರಾ ಟಾಕೀಸಿನ ನೆತ್ತಿಯ ಮೇಲೆ, ತಗಡು ಹೊದೆಸಿದ ಗೂಡಲ್ಲಿ
ಎರಡು ಯಂತ್ರ, ಒಬ್ಬ ಆರ್ವಿಡ್ ಕೆಸ್ತಿ.
ಒಂದು ರೀಲು ಓಡುತ್ತಿದ್ದಂತೆ ಮುಗಿದದ್ದನ್ನು ಹಿಂದಕ್ಕೆ ಸುತ್ತಬೇಕು,
ಸವೆಯುವ ಕಾರ್ಬನ್ ಕಡ್ಡಿಯನ್ನು ಕಡ್ಡಿಯ ಹತ್ತಿರ ತರಬೇಕು,
ಆಮೇಲೆ ಅಂಗೈಯಗಲದ ಗಾಜಿಗೆ ಮೂಗು ಒತ್ತಿ
ತೆರೆಯ ಬಲಮೂಲೆಯಲ್ಲಿ ಮಿನುಗುವ ಚುಕ್ಕಿಗೆ ಕಾಯಬೇಕು.
ಮೊದಲ ಚುಕ್ಕಿಗೆ ಮೋಟಾರು. ಎರಡನೆಯದಕ್ಕೆ ಅದಲುಬದಲು.
ಕೆಳಗೆ ನಾಯಕಿ ಕಣ್ಣು ಮುಚ್ಚಿ ಮುಖ ಎತ್ತಿದ್ದಾಳೆ,
ನಾನು ಮೇಲಿನ ಮೂಲೆಯಲ್ಲಿ ಒಂದು ತುಂಡು ಮೋಡ ಕಾಯುತ್ತಿದ್ದೇನೆ.
ಆ ಕಾಲದ ಎಲ್ಲ ಮುತ್ತುಗಳೂ ನನಗೆ ಹಾಗೇ ತಪ್ಪಿಹೋದವು.

ಇರಲಿ, ಇದನ್ನು ತಗೋ. ಒಂಟೆಗಳ ಚಿತ್ರ, ಮೂರೂವರೆ ಗಂಟೆ.
ಜನವರಿಯ ಚಳಿಯಲ್ಲಿ ತೋರಿಸಿದೆವು,
ಮಧ್ಯಂತರದ ಹೊತ್ತಿಗೆ ಜನ ಕೋಟು ಬಿಚ್ಚಿ
ನೀರು ನೀರು ಅಂತ ಹೊರಗೆ ಬಂದರು.
ಕಥೆ ನೆನಪಿಲ್ಲ. ಆ ಬಾಯಾರಿಕೆ ನೆನಪಿದೆ.

ಇದು ಬಾತುಕೋಳಿ ಹಿಡಿದು ಮದುವೆಯಿಂದ ಓಡಿಬಂದವಳದ್ದು.
ಲಿಫ್ಟಿನಲ್ಲಿ ಸಿಕ್ಕಿಕೊಳ್ಳುವ ಭಾಗ ಬಂದಾಗ ಪಾದ್ರಿಗಳೇ
ಕುರ್ಚಿಯಿಂದ ಜಾರಿದ್ದರು. ಬಾತುಕೋಳಿಗೂ ಒಂದು ಗೊಂಬೆ
ಕೊಡಬೇಕಿತ್ತು ಅಂತ ಊರೆಲ್ಲ ವಾದ.

ಬಣ್ಣ ಬೇಡ, ಕಪ್ಪುಬಿಳುಪೇ ಸಾಕು ಅನ್ನುವುದಾದರೆ
ಇದು. ಇದೊಂದೇ.
ಸ್ವಂತ ತಮ್ಮನಿಗೆ ಶಿಕ್ಷೆ ಬರೆಯಬೇಕಾದ ನ್ಯಾಯಾಧೀಶ.
ನಾಲ್ಕು ಗೊಂಬೆ ಬಂದವು ಇದಕ್ಕೆ.
ನೋಡು, ಆದರೆ ನಡುನಡುವೆ ಕಣ್ಣು ಮುಚ್ಚಿಕೋ.

ಯಾಕೆ ಅಂದರೆ, ಲೆಂಪಿ.
ಟಿಕೆಟ್ ಗೂಡಿನಲ್ಲಿ ಕೂರುತ್ತಿದ್ದವಳು.
ಅವಳಿಗೆ ಕಂಡದ್ದು ಪೋಸ್ಟರು, ಬೀದಿ, ಒದ್ದೆ ಬೂಟುಗಳು.
ಸಿನಿಮಾ ಅವಳಿಗೆ ಹಲಗೆಯ ಗೋಡೆಯಾಚೆಯ ದನಿ.
ಯಾವ ಮಾತಿಗೆ ಮುನ್ನೂರು ಜನ ಉಸಿರು ಹಿಡಿದರು,
ಯಾವುದಕ್ಕೆ ಒಬ್ಬಳೇ ಹೆಂಗಸು ನಕ್ಕಳು,
ಎಲ್ಲ ಬಾಯಿಪಾಠ.
ಮದುವೆಯಾದ ಮೇಲೆ ರಾತ್ರಿ ಕಾಫಿ ಕುಡಿಯುತ್ತಾ
ನನ್ನ ಕಣ್ಣಿಗೆ ಅವಳ ಕಿವಿ ಹೊಲಿದು
ಒಂದು ಸಿನಿಮಾ ಮಾಡಿಕೊಳ್ಳುತ್ತಿದ್ದೆವು.
ಹೊಲಿಗೆ ಸರಿಯಾಗಿ ಕೂಡಿದ್ದು ಕಡಿಮೆ.

ಈ ನ್ಯಾಯಾಧೀಶನ ಚಿತ್ರದ್ದಂತೂ ಕೂಡಲೇ ಇಲ್ಲ.
ಕೊನೆಗೆ ತಮ್ಮನ ಕೋಣೆಯಿಂದ ಅವನು ಹೊರಡುತ್ತಾನಲ್ಲ,
ಬಾಗಿಲು ತೆರೆದೇ ಬಿಟ್ಟ, ಅಂದೆ ನಾನು,
ನೆಲದ ಮೇಲೆ ಬೆಳಕಿನ ಪಟ್ಟಿ ಇತ್ತು.
ಮುಚ್ಚಿದ, ಅಂದಳು. ಚಿಲಕ ಬಿದ್ದದ್ದು ನಾನೇ ಕೇಳಿದೆ.
ಅದು ನನ್ನ ಯಂತ್ರದ ಸದ್ದು ಕಣೇ, ಅಂದೆ.
ನಿನ್ನ ಯಂತ್ರದ ಸದ್ದು ನನಗೆ ಗೊತ್ತಿಲ್ಲವಾ, ಅಂದಳು.
ನಲವತ್ತು ವರ್ಷ ನಡೆಯಿತು ಈ ವ್ಯಾಜ್ಯ,
ಆಸ್ಪತ್ರೆಯ ಹಾಸಿಗೆಯಲ್ಲೂ.

ಇಲ್ಲ, ಆಮೇಲೆ ನೋಡಿಲ್ಲ.
ಈ ಕಪಾಟಿನಲ್ಲೇ ಇದೆ, ವಾರಕ್ಕೆರಡು ಸಲ ನಾನೇ ಧೂಳು ಒರೆಸುತ್ತೇನೆ.
ನೋಡಿದರೆ ಇಬ್ಬರಲ್ಲಿ ಒಬ್ಬರು ಸೋಲಬೇಕು,
ಗೆದ್ದರೆ ಹೇಳಿಕೊಳ್ಳಲು ಯಾರಿದ್ದಾರೆ?

ಲಾರಿ ಬಂತು, ಕೇಳಿಸಿತಾ.
ಮೂರನ್ನೂ ತಗೊಂಡು ಹೋಗು, ಗುರುವಾರ ತಂದುಕೊಡು.
ಒಂಟೆ ಹೇಗಿತ್ತು, ಬಾತುಕೋಳಿ ಹೇಗಿತ್ತು, ಎಲ್ಲ ಹೇಳು.
ಬಾಗಿಲಿನ ಸುದ್ದಿ ಮಾತ್ರ ಎತ್ತಬೇಡ.
ಟೋಪಿ ಹಾಕಿಕೋ, ಗಾಳಿ ಇದೆ.